ಲಿಂಗೇರಿಯ ಎರಡು ಹಳದಿ

ಓಡುವ ರೈಲನ್ನು ಒಂದು ನಿಮಿಷ ನಿಲ್ಲಿಸಿದರೆ ಖರ್ಚಾಗುವುದು ಎಂಟು ನಿಮಿಷ. ಓಟ ಇಳಿಸಲು ಮೂರು, ನಿಲ್ಲಲು ಒಂದು, ಮತ್ತೆ ಮೊದಲಿನ ಓಟಕ್ಕೆ ಬರಲು ನಾಲ್ಕು. ಮೇಲೆ ಬ್ರೇಕಿನ ಸವಕಲು ಬೇರೆ. ನಿಂತ ಭಾರವನ್ನು ಮತ್ತೆ ಎಳೆಯಲು ತಗಲುವ ಕರೆಂಟಿನಲ್ಲಿ ಒಂದು ಹಿಟ್ಟಿನ ಗಿರಣಿ ಎರಡು ದಿನ ತಿರುಗೀತು. ಹಿಂದಿನ ಗಾಡಿಯೂ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ. ಸೈದಾಪುರದಲ್ಲಿ ಇಳಿದು ಗುರುಮಠಕಲ್ ಬಸ್ಸು ಹಿಡಿಯಬೇಕಾದವರಿಗೆ ಬಸ್ಸು ತಪ್ಪುತ್ತದೆ. ಲಾಭ ಆಗುವುದು ಶೇಂಗಾ ಮಾರುವವನೊಬ್ಬನಿಗೆ.

ಈ ಲೆಕ್ಕ ತಿಮ್ಮವ್ವನಿಗೆ ಬಾಯಿಪಾಠ. ಅವಳು ಸೈಕಲ್ ಕೂಡ ತುಳಿದವಳಲ್ಲ. ಸುರಪುರದ ಹತ್ತಿರದ ಬೋನಾಳದಲ್ಲಿ ಹುಟ್ಟಿ, ಕಂಡವರ ಹೊಲದಲ್ಲಿ ಕಳೆ ಕಿತ್ತು ಬೆಳೆದವಳು. ಅವಳ ಗಂಡ ಈಶಪ್ಪ ಗೂಡ್ಸ್ ಗಾಡಿಯ ಡ್ರೈವರ್. ವಾಡಿಯಲ್ಲಿ ಎಂಜಿನ್ ಹಿಡಿದು ರಾಯಚೂರಿನ ಕರೆಂಟಿನ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುವುದು, ಬರುವಾಗ ಖಾಲಿ ಡಬ್ಬಿ ತರುವುದು, ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಮನೆ ಯಾದಗಿರಿ ಸ್ಟೇಷನ್ ಹಿಂದಿನ ಓಣಿಯಲ್ಲಿ.

ಗೂಡ್ಸ್ ಡ್ರೈವರನಿಗೆ ನಿದ್ದೆ ಸಿಗುವುದು ಹಗಲಿಗೆ. ಊಟ ಮುಗಿಸಿ ಈಶಪ್ಪ ನಡುಮನೆಯಲ್ಲಿ ಚಾಪೆ ಹಾಸಿ ಅಡ್ಡಾದರೆ ಓಣಿಯವರು ಕುಕ್ಕರಿನ ಸೀಟಿಯನ್ನೂ ತಡೆದು ಹಿಡಿಯುತ್ತಿದ್ದರು. ತಿಮ್ಮವ್ವ ಪಕ್ಕದಲ್ಲಿ ಮೊರ ಇಟ್ಟುಕೊಂಡು ತೊಗರಿಯಲ್ಲಿ ಹರಳು ಆರಿಸುತ್ತ ಕೂರುವಳು. ಅರ್ಧ ಗಂಟೆ ಕಳೆಯುವುದೇ ತಡ, ಮಲಗಿದವನ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು.

"ನಾಲವಾರ ಡಿಸ್ಟಂಟ್. ಹಸಿರು."

"ಹಸಿರು," ಎನ್ನುವಳು ತಿಮ್ಮವ್ವ, ಹರಳು ಆರಿಸುತ್ತಲೇ.

ಡಿಸ್ಟಂಟ್ ಎಂದರೆ ಸ್ಟೇಷನ್ನಿಗೆ ಮೊದಲೇ ದೂರದಲ್ಲಿ ನಿಂತ ಸಿಗ್ನಲ್, ಸ್ಟೇಷನ್ ಬಿಡುವಾಗಿನದು ಸ್ಟಾರ್ಟರ್. ಹೀಗೆ ಕೂಗುವುದು ಎಂಜಿನ್ನಿನಲ್ಲಿ ಕಾಯಿದೆ. ಒಳಗೆ ಕೂರುವವರು ಇಬ್ಬರು, ಡ್ರೈವರ್ ಮತ್ತು ಅಸಿಸ್ಟಂಟ್. ಸಿಗ್ನಲ್ ಕಂಡ ಕೂಡಲೇ ಡ್ರೈವರ್ ಬೆರಳು ಮಾಡಿ ಬಣ್ಣ ಕೂಗಬೇಕು, ಅಸಿಸ್ಟಂಟ್ ತಾನೂ ನೋಡಿ ಅದೇ ಬಣ್ಣ ತಿರುಗಿ ಕೂಗಬೇಕು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಹಿಡಿಯಲಿ ಎಂದು. ಈಶಪ್ಪನ ಬಾಯಿ ನಿದ್ದೆಯಲ್ಲೂ ಡ್ಯೂಟಿ ಬಿಡುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಮೂರು ಸಲ ಕೂಗಿ ಎದ್ದು ಕೂರುತ್ತಿದ್ದ. ಅರೆನಿದ್ದೆಯವನನ್ನು ಎಂಜಿನ್ನಿಗೆ ಕಳಿಸುವುದು ಒಳ್ಳೆಯದಲ್ಲವೆಂದು ತಿಮ್ಮವ್ವ ಉತ್ತರ ಕೊಡಲು ಕಲಿತಳು. ಹಾಗೆ ದಿನಾ ಮಧ್ಯಾಹ್ನ ಗಂಡಹೆಂಡತಿ ವಾಡಿಯಿಂದ ರಾಯಚೂರಿಗೆ ಹೋಗಿ ಮುಟ್ಟುತ್ತಿದ್ದರು. ಅವನು ಕಣ್ಣು ಮುಚ್ಚಿ, ಅವಳು ಮೊರದಲ್ಲಿ ಕಣ್ಣಿಟ್ಟು. ನಾಲವಾರ, ಯಾದಗಿರಿ, ಲಿಂಗೇರಿ, ಸೈದಾಪುರ, ಕೃಷ್ಣಾ. ಹೊಳೆ ದಾಟುವಾಗ ಅವನ ಉಸಿರಿನ ಸಪ್ಪಳ ಬೇರೆಯಾಗುತ್ತಿತ್ತು. ಅವಳಿಗೆ ಕಾಲಡಿಯ ಬಂಡೆ ತುಸು ತಣ್ಣಗಾದಂತೆ ಅನ್ನಿಸುತ್ತಿತ್ತು.

ಆ ದಾರಿಯಲ್ಲಿ ಅವಳಿಗೆ ಹೆಚ್ಚು ಬೇಕಾದದ್ದು ಲಿಂಗೇರಿ.

"ಲಿಂಗೇರಿ ಡಿಸ್ಟಂಟ್. ಎರಡು ಹಳದಿ."

"ಎರಡು ಹಳದಿ."

ಎರಡು ಹಳದಿ ದೀಪ ಎಂದರೆ ಓಟ ಇಳಿಸು, ಪಕ್ಕದ ಹಳಿಗೆ ಸರಿದು ನಿಲ್ಲು, ಹಿಂದೆ ದೊಡ್ಡ ಗಾಡಿ ಬರುತ್ತಿದೆ ಎಂದು. ಕಲ್ಲಿದ್ದಲಿಗೆ ಅವಸರವಿಲ್ಲ, ಮಂದಿಗೆ ಇದೆ. ಹಾಗಾಗಿ ಈಶಪ್ಪನ ಗಾಡಿ ಲಿಂಗೇರಿಯಲ್ಲಿ ನಿಲ್ಲದ ದಿನವೇ ಇರಲಿಲ್ಲ. ಒಮ್ಮೆ ಅರ್ಧ ತಾಸು, ಒಮ್ಮೆ ಎರಡು ತಾಸು. ನಿದ್ದೆಯಲ್ಲೂ ಅಷ್ಟೇ. ಎರಡು ಹಳದಿ ಕೂಗಿದ ಮೇಲೆ ಅವನ ಬೆರಳು ಇಳಿದು, ಮುಖ ಸಡಿಲಾಗಿ, ಉಸಿರು ನಿಂತ ನೀರಿನಂತಾಗುತ್ತಿತ್ತು. "ಕುಂಟಿ ನೀರಿಗೆ ಕೊಕ್ಕರಿ ಬಂದಾವ," ಎಂದು ನಗುತ್ತಿದ್ದ. ಇಷ್ಟು ಹೊತ್ತು ನಿಲ್ಲುವ ಊರು ದೊಡ್ಡದೇ ಇರಬೇಕೆಂದು ತಿಮ್ಮವ್ವ ಅದಕ್ಕೆ ಗಡಿಯಾರದ ಗೋಪುರ, ಕಲ್ಲಿನ ಮೆಟ್ಟಿಲಿನ ಕೆರೆ, ಸಾಲು ಅಂಗಡಿ ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿಕೊಟ್ಟಿದ್ದಳು.

ಹೀಗಿರುವಾಗ ಹೊಸ ರೈಲಿನ ಸುದ್ದಿ ಬಂತು.

"ಎರಡೂ ತುದಿಗೆ ಒಂದೊಂದು ಎಂಜಿನ್ ಐತಂತ," ಎಂದ ಈಶಪ್ಪ ರೊಟ್ಟಿ ಮುರಿಯುತ್ತ. "ಊರು ಮುಟ್ಟಿದ ಮ್ಯಾಲ ಎಂಜಿನ್ ಬಿಚ್ಚೂದು, ತಿರುಗ್ಸೂದು, ಏನೂ ಇಲ್ಲ. ಹಿಂದಿಂದ ಮುಂದ ಆಗತೈತಿ."

"ಎರಡು ತಲಿ ಹಾವು ಅನ್ರಿ."

"ಹಂಗ ಅನ್ನು."

"ಎರಡು ತಲಿ ಹಾವು ಹಿಡದವರ್ನ ಪೊಲೀಸ್ರು ಒಳಗ ಹಾಕ್ತಾರ. ನಿಮಗ ಪಗಾರ ಕೊಡ್ತಾರ. ನಸೀಬ ಅಂದ್ರ ಇದು ನೋಡ್ರಿ."

"ಇನ್ನಾ ಕೊಟ್ಟಿಲ್ಲ. ಒಂಬತ್ತು ಮಂದಿಗೆ ಟ್ರೇನಿಂಗ್ ಐತಿ. ನನ್ನ ಹೆಸರೂ ಬಂದೈತಿ."

ತಿಮ್ಮವ್ವ ಪಲ್ಯ ಬಡಿಸುವ ಸೌಟನ್ನು ಹಾಗೇ ಹಿಡಿದಳು. ಮದುವೆಯಾಗಿ ಮೂವತ್ತು ವರ್ಷ. ಗಂಡ ಎಳೆದ ಗಾಡಿಯಲ್ಲಿ ಅವಳು ಒಮ್ಮೆಯೂ ಕೂತಿರಲಿಲ್ಲ. ಗೂಡ್ಸಿನಲ್ಲಿ ಕೂರಲು ಜಾಗವೆಲ್ಲಿ? ಮಗಳು ಪಂಚಶೀಲಾ ಸುರಪುರದಲ್ಲಿ ಟೀಚರು, ಅಲ್ಲಿಗೆ ಹೋಗಲು ಬಸ್ಸೇ ಗತಿ. "ನಿಮ್ಮ ಗಾಡ್ಯಾಗ ಕಲ್ಲಿದ್ದಲಿ ಕುಂದ್ರತೈತಿ, ಸಿಮೆಂಟ್ ಕುಂದ್ರತೈತಿ, ನಾ ಒಬ್ಬಾಕಿ ಕುಂದ್ರಂಗಿಲ್ಲ," ಎಂದು ಹಬ್ಬ ಹುಣ್ಣಿಮೆಗೊಮ್ಮೆ ಚುಚ್ಚುತ್ತಿದ್ದಳು. ನಗುತ್ತಲೇ ಚುಚ್ಚುತ್ತಿದ್ದಳು, ಆದರೆ ಚುಚ್ಚುತ್ತಿದ್ದಳು. ಈಗ ಈಶಪ್ಪ ಪಾಸಾದರೆ ಮಂದಿಯ ಗಾಡಿ ಅವನದು. ಫೇಲಾದರೆ ರಿಟೈರಾಗುವ ತನಕ, ಇನ್ನು ಮೂರು ವರ್ಷ, ಅದೇ ಕಲ್ಲಿದ್ದಲು.

ಟ್ರೇನಿಂಗಿನ ಮೊದಲ ತಿಂಗಳು ಕೋಣೆಯೊಳಗೇ. ಎಂಜಿನ್ನಿನಂಥದೇ ಕುರ್ಚಿ, ಎದುರಿಗೆ ಪರದೆ. "ಗೋಡಿ ಮ್ಯಾಲ ರೈಲು ಬಿಡ್ತಾರ," ಎಂದು ಈಶಪ್ಪ ಬಂದು ಹೇಳುತ್ತಿದ್ದ. "ಕುರ್ಚಿ ನೋಡಿದ್ರ ಕ್ಷೌರದಂಗಡಿ ನೆನಪಾಗತೈತಿ. ತಣ್ಣನ ಗಾಳಿ ಬರತೈತಿ. ಎಂಜಿನ್ ನಡದೈತೋ ನಿಂತೈತೋ ಸಪ್ಪಳದಾಗ ಗೊತ್ತಾಗಂಗಿಲ್ಲ, ಮುಂದಿನ ಗಾಜಿನ್ಯಾಗ ಮೂಡೋ ನಂಬರ್ ನೋಡಬೇಕು." ಅಲ್ಲಿ ಅವನಿಗೆ ನೂರಕ್ಕೆ ತೊಂಬತ್ತೊಂದು ಬಂತು. ಗೋಡೆಯ ಮೇಲಿನ ದಾರಿಯಲ್ಲಿ ಲಿಂಗೇರಿ ಇರಲಿಲ್ಲ.

ಆಮೇಲೆ ನಿಜವಾದ ದಾರಿಯಲ್ಲಿ ಖಾಲಿ ಡಬ್ಬಿಗಳೊಡನೆ ಮೂರು ಓಟ. ಪರೀಕ್ಷೆ ಮಾಡುವವರು ಲೋಕೋ ಇನ್ಸ್‌ಪೆಕ್ಟರ್ ವಿಶ್ವರಾಧ್ಯ. ಮೂರರಲ್ಲಿ ಒಂದಾದರೂ ತಪ್ಪಿಲ್ಲದೆ ಓಡಿಸಿದರೆ ಅವರು ಸಹಿ ಹಾಕುತ್ತಾರೆ.

ಮೊದಲ ಓಟ ಮುಗಿಸಿ ಬಂದ ಈಶಪ್ಪ ಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತ.

"ಏನಾತ್ರಿ?"

"ಲಿಂಗೇರ್ಯಾಗ ಹಸಿರು ಇತ್ತು. ನಾ ಎರಡು ಹಳದಿ ಅಂದೆ."

"ಅಂದ್ರ ಏನಾತು, ಬಾಯಿ ತಪ್ಪತೈತಿ."

"ಅಂದು ಬ್ರೇಕೂ ಹಾಕ್ದೆ. ಪಕ್ಕದಾಗ ಅಸಿಸ್ಟಂಟ್ ಶಾಂತಕುಮಾರ 'ಹಸಿರು, ಹಸಿರು' ಅನ್ನಾಕತ್ಯಾನ, ಕೈ ಕೇಳವಲ್ದು. ನಟ್ಟ ನಡು ಹಳೀ ಮ್ಯಾಲ ಹೋಗಿ ನಿಂತೆ. ಗೇಟ್ ಕಾಯೋ ಮಸ್ತಾನಬಿ ಬಗ್ಗಿ ನೋಡಿ, 'ಯಾಕ್ ಭಾಯಿ, ಕೊಕ್ಕರಿಗೆ ಸಲಾಮ್ ಮಾಡಾಕ ನಿಂತ್ರೇನ್ರಿ?' ಅಂದ್ಳು."

"ವಿಶ್ವರಾಧ್ಯ ಸಾಹೇಬ್ರು?"

"ವಹಿ ತಗದ್ರು. ಬರಕೊಂಡ್ರು."

ಎರಡನೆಯ ಓಟದಲ್ಲಿ ಬಾಯಿ ಸರಿಯಾಗಿಯೇ ಹಸಿರು ಎಂದಿತು. ಕೈ ಮಾತ್ರ ತನ್ನಷ್ಟಕ್ಕೆ ಬ್ರೇಕಿಗೆ ಹೋಗಿ ಗಾಡಿ ಮುಗ್ಗರಿಸಿ, ನಾಲ್ಕು ನಿಮಿಷ ಹಾಳಾಯಿತು. ಇಪ್ಪತ್ತೆರಡು ವರ್ಷ ಬೇರೆಯವರಿಗೆ ದಾರಿ ಬಿಟ್ಟು ನಿಂತ ಕೈ ಅದು. ದಾರಿ ತನಗೇ ಬಿಟ್ಟಿದ್ದಾರೆಂದರೆ ನಂಬಲು ಒಲ್ಲೆನೆನ್ನುತ್ತಿತ್ತು. ಉಳಿದ ಎಂಟು ಮಂದಿಗೆ ಸಹಿ ಸಿಕ್ಕಿತು.

ಮೂರನೆಯ ಓಟಕ್ಕೆ ಇನ್ನೂ ಹದಿನೈದು ದಿನವಿದ್ದಾಗ, ಮಧ್ಯಾಹ್ನ ವಿಶ್ವರಾಧ್ಯ ಮನೆಗೇ ಬಂದರು. ಶಹಾಪುರದವರು, ಬೈಕಿನ ಮೇಲೆ ಭೀಮಾ ಹೊಳೆ ದಾಟಿ ಬಂದು ಮುಖವೆಲ್ಲ ಧೂಳಾಗಿತ್ತು. ಈಶಪ್ಪ ಮಲಗಿದ್ದ.

"ಎಬ್ಬಸಬ್ಯಾಡ್ರಿ ಅಕ್ಕಾರ. ನಿಮ್ಮ ಮುಂದ ಹೇಳಿ ಹೋಗ್ತೀನಿ." ಚಹಾ ಹೀರಿ, ದನಿ ಇಳಿಸಿದರು. "ಮೂರನೇದೂ ಫೇಲಾದ್ರ ಕಾಗದದ ಮ್ಯಾಲ ಬರತೈತಿ. ಅದರ ಬದ್ಲಿ ತಾನ ಒಲ್ಲೆ ಅಂತ ಬರದು ಕೊಟ್ರ ಮರ್ಯಾದಿ ಉಳಿತೈತಿ. ಚಲೋ ಡ್ರೈವರ್ ಆತ. ಎಲ್ಲಾ ಚಲೋನ. ಲಿಂಗೇರಿ ಒಂದು ಬಿಟ್ಟು."

ತಿಮ್ಮವ್ವ ಮೊರದಲ್ಲಿ ತೊಗರಿಯನ್ನು ಅತ್ತಿಂದಿತ್ತ ಸರಿಸಿದಳು. ವಿಶ್ವರಾಧ್ಯ ಮಲಗಿದವನನ್ನೇ ನೋಡುತ್ತ, "ನಮ್ಮ ಶಹಾಪುರದ ಗುಡ್ಡದಾಗ ಕಲ್ಲಿನ ಬುದ್ಧನೂ ಹಿಂಗ ಅಡ್ಡಾಗ್ಯಾನ," ಎಂದು ಸಣ್ಣಗೆ ನಕ್ಕರು.

ಅಷ್ಟರಲ್ಲಿ ಈಶಪ್ಪನ ಬೆರಳು ಎದ್ದಿತು. "ಯಾದಗಿರಿ ಸ್ಟಾರ್ಟರ್. ಹಸಿರು."

"ಹಸಿರು," ಎಂದಳು ತಿಮ್ಮವ್ವ.

"ಖರೆ ನಮ್ಮ ಬುದ್ಧ ಮಾತಾಡಂಗಿಲ್ಲ," ಎಂದ ವಿಶ್ವರಾಧ್ಯ ಚಹಾದ ಬಟ್ಟಲನ್ನು ಕೆಳಗಿಟ್ಟು ಕಿವಿಗೊಟ್ಟರು.

ನಡುಮನೆಯಲ್ಲಿ ಫ್ಯಾನು ನಿಧಾನ ತಿರುಗುತ್ತಿತ್ತು. ಕಿಟಕಿಯ ಬಿಸಿಲು ಚಾಪೆಯ ಮೇಲೆ ಎರಡು ಗೆರೆಯಾಗಿ ಬಿದ್ದಿತ್ತು. ಮೂವರೂ ಸ್ವಲ್ಪ ಹೊತ್ತು ಅದೇ ಗಾಡಿಯಲ್ಲಿ ಹೋದರು.

"ಲಿಂಗೇರಿ ಡಿಸ್ಟಂಟ್. ಎರಡು ಹಳದಿ."

"ಎರಡು ಹಳದಿ."

"ಅಕ್ಕಾರ, ನೀವೇನಂದ್ರಿ?"

"ಅವ್ರು ಅಂದದ್ದ ಅಂದೆ. ಅನ್ನದಿದ್ರ ಎದ್ದು ಕುಂದ್ರತಾರ್ರಿ."

"ಎಷ್ಟು ದಿನದಿಂದ ಹಿಂಗ?"

"ದಿನಾ ಎಲ್ಲಿ ಎಣಸ್ತೀರಿ. ಪಂಚಶೀಲಾ ಒಂದನೇತಿ ಇದ್ದಾಗಿಂದ. ಈಗ ಆಕಿ ಸಾಲಿ ಕಲಸ್ತಾಳ."

ವಿಶ್ವರಾಧ್ಯ ಟವೆಲನ್ನು ಬಾಯಿಗೆ ಒತ್ತಿಕೊಂಡು ಭುಜ ಕುಣಿಸಿ ನಕ್ಕರು. ನಗು ಇಳಿದ ಮೇಲೆ ಕಣ್ಣೊರೆಸಿಕೊಂಡು, "ಎರಡು ಓಟದಿಂದ ನಾ ಡ್ರೈವರ್‌ಗ ತಪ್ಪು ಹಚ್ಚಾಕತ್ತೇನಿ," ಎಂದರು. "ತಪ್ಪು ಅಸಿಸ್ಟಂಟಂದು! ಹಳದಿ ಅಂದ್ರ ಹಳದಿ ಅನ್ನೋ ಇಂಥಾ ಅಸಿಸ್ಟಂಟ್ ಮನ್ಯಾಗ ಇಟಕೊಂಡು ಆತ ಲಿಂಗೇರಿ ಹ್ಯಾಂಗ ಮರೀಬೇಕು?"

ತಿಮ್ಮವ್ವನ ಮುಖ ಕೆಂಪಾಯಿತು. "ಹಂಗಾದ್ರ ನಾಳಿಂದ ಹಸಿರು ಅಂತೀನ್ರಿ."

"ಬ್ಯಾಡ!" ಅವರ ನಗು ನಿಂತಿತು. "ಹಸಿರು ಬಾಯಿಪಾಠ ಮಾಡಸಿದ್ರ ಒಂದು ದಿನ ಕೆಂಪು ಇದ್ದಾಗೂ ಹಸಿರು ಅಂತಾನ. ನಿಂತ್ರ ಎಂಟು ನಿಮಿಷ ಹೋಗ್ತಾವ. ನಿಲ್ಲದಿದ್ರ ಜೀವ ಹೋಗ್ತಾವ."

"ಮತ್ತೇನನ್ಲಿ?"

"ಖರೆ ಇದ್ದದ್ದು ಅನ್ರಿ. ನಿಮಗ ಇಲ್ಲಿಂದ ಸಿಗ್ನಲ್ ಕಾಣತೈತೇನು?"

"ಇಲ್ರಿ."

"ನನಗ ಕಾಣವಲ್ದು, ನೀವ ನೋಡಿ ಹೇಳ್ರಿ, ಅಂತ ಅನ್ರಿ. ಎಂಜಿನ್ನಿನ್ಯಾಗ ಅಸಿಸ್ಟಂಟ್‌ಗ ಕಾಣದಿದ್ರ ಹಂಗ ಅನ್ನಬೇಕು."

ಬರೆದುಕೊಡುವ ಮಾತನ್ನು ಮತ್ತೆ ಎತ್ತದೆ ವಿಶ್ವರಾಧ್ಯ ಬೈಕು ಹತ್ತಿದರು. ತಿಮ್ಮವ್ವ ಬಾಗಿಲಲ್ಲೇ ನಿಂತಿದ್ದಳು. ಇಷ್ಟು ವರ್ಷದಲ್ಲಿ ತನಗೆ ಕಾಣುವುದಿಲ್ಲ ಎಂಬ ಮಾತನ್ನು ಗಂಡನಿಗೆ ಹೇಳಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮರುದಿನ ಲಿಂಗೇರಿ ಬಂತು. "ಎರಡು ಹಳದಿ," ಎಂದ ಈಶಪ್ಪ.

"ನನಗ ಕಾಣವಲ್ದು. ನೀವ ನೋಡಿ ಹೇಳ್ರಿ."

ಅವನು ಧಡಕ್ಕನೆ ಎದ್ದು ಕೂತ. ಬೆವರಿದ್ದ. "ಯಾರಂದ್ರು?" ಎಂದು ಸುತ್ತ ನೋಡಿದ. ತಿಮ್ಮವ್ವ ನೀರು ಕೊಟ್ಟಳು. ಮೂರು ದಿನ ಹೀಗೇ ಆಗಿ ಅವನಿಗೆ ನಿದ್ದೆಯೇ ಇಲ್ಲದಂತಾಯಿತು. ಬಿಟ್ಟುಬಿಡೋಣ ಎಂದು ಅವಳಿಗೆ ಅನ್ನಿಸಿತು. ಬಿಡಲಿಲ್ಲ.

ನಾಲ್ಕನೆಯ ದಿನ ಅವನು ಏಳಲಿಲ್ಲ. ಅವಳ ಮಾತು ಕೇಳಿ, ಎರಡು ಹಳದಿ ಎಂದವನ ಹುಬ್ಬು ಗಂಟಿಕ್ಕಿತು. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ದೂರಕ್ಕೆ ಹೊರಳಿದ್ದು ತಿಮ್ಮವ್ವನಿಗೆ ಕಂಡಿತು. "ಮಂಜು ಐತಿ," ಎಂದ. ಐದನೆಯ ದಿನ, "ಬಿಸಲು ಕಣ್ಣಾಗ ಬರಾಕತ್ತೈತಿ." ಆಮೇಲೊಂದು ದಿನ, ಬಹಳ ಹೊತ್ತು ಬಿಟ್ಟು, "ಕೊಕ್ಕರಿ ಅಡ್ಡ ಹಾರಾಕತ್ತಾವ, ತಡಿ." ತಿಮ್ಮವ್ವ ತಡೆದಳು. ಕೊಕ್ಕರೆಗಳ ಸಾಲು ನಡುಮನೆಯ ಜಂತಿಯ ಕೆಳಗೇ ಹಾದುಹೋಗುತ್ತಿದೆಯೇನೋ ಎಂಬಂತೆ ಮೊರ ಅಲುಗಿಸದೆ ಕೂತಳು. ಎಷ್ಟು ಹೊತ್ತು ಕಾದರೂ ಅವು ಮುಗಿಯಲಿಲ್ಲ. ಹದಿನೈದು ದಿನವೂ ಕಳೆದವು. ಲಿಂಗೇರಿಯಲ್ಲಿ ಯಾವ ಬಣ್ಣವಿದೆ ಎಂದು ಈಶಪ್ಪ ಒಮ್ಮೆಯೂ ಹೇಳಲಿಲ್ಲ.

ಮೂರನೆಯ ಓಟದ ದಿನ ಅವನು ವಾಡಿಗೆ ಹೋದ ಮೇಲೆ ತಿಮ್ಮವ್ವ ಬೀಗ ಹಾಕಿ ಟಂಟಂ ಆಟೋ ಹತ್ತಿ ಲಿಂಗೇರಿಗೆ ಹೋದಳು. ಅಲ್ಲಿ ಗೋಪುರ ಇರಲಿಲ್ಲ, ಅಂಗಡಿ ಸಾಲೂ ಇರಲಿಲ್ಲ. ಮೂರು ಬೇವಿನ ಮರ, ಒಂದು ಗೇಟು, ಗೇಟು ಕಾಯುವವರ ಗೂಡಿನಂಥ ಗುಮ್ಮಟಿಗೆ ಕಟ್ಟಿದ ಮೇಕೆ. ಮೊಣಕಾಲುದ್ದ ನೀರಿನ ಕುಂಟೆ. ಅದರಲ್ಲಿ ಕೊಕ್ಕರೆ ಮಾತ್ರ ಖರೆಯೇ ಇದ್ದವು, ಹನ್ನೆರಡೋ ಹದಿಮೂರೋ, ಒಂಟಿ ಕಾಲಲ್ಲಿ. ಪಕ್ಕದ ಹಳಿಯಲ್ಲಿ ಕಲ್ಲಿದ್ದಲಿನ ಗಾಡಿಯೊಂದು ಕಾದು ನಿಂತಿತ್ತು. ಈಶಪ್ಪನ ಗಾಡಿ ಎಷ್ಟೊತ್ತಿಗೆ ಎಂದು ತಿಮ್ಮವ್ವ ಗೇಟಿನವಳನ್ನು ಕೇಳಿದಳು.

"ಈಶಪ್ಪ ಭಾಯಿ ಮನಿಯವ್ರಾ?" ಗೇಟು ಹಾಕುತ್ತ ಮಸ್ತಾನಬಿ ಕೇಳಿದಳು. "ಯಾ ಅಲ್ಲಾ! ನಿಮ್ಮ ಕೈಯಾಗಿನ ಶೇಂಗಾ ಹಿಂಡಿ ಎಷ್ಟು ತಿಂದೀನಿ, ನಿಮ್ಮ ಮುಖಾನ ನೋಡಿಲ್ಲ. ಬರ್ರಿ, ನೆರಳಿಗೆ ಬರ್ರಿ."

"ಸಿಗ್ನಲ್ ಎಲ್ಲೈತಿ ತಾಯಿ?"

ಮಸ್ತಾನಬಿ ಯಾದಗಿರಿಯ ಕಡೆ ಕೈ ಮಾಡಿದಳು. ಬಿಸಿಲಿನ ಅಲೆಯಲ್ಲಿ ದೂರದ ಕಂಬ ಕುಣಿಯುತ್ತಿತ್ತು. ದೀಪದ ಮುಖ ಬರುವ ಗಾಡಿಯ ಕಡೆಗೆ. ಇವರಿಗೆ ಕಂಡದ್ದು ಅದರ ಕಪ್ಪು ಬೆನ್ನು.

ಕಲ್ಲಿದ್ದಲಿನ ಗಾಡಿಯ ಡ್ರೈವರ್ ಹಸಿರು ಬಾವುಟ ಹಿಡಿದು ಕೆಳಗಿಳಿದ. ಭೀಮೇಶ. ಮೊದಲು ಈಶಪ್ಪನ ಕೈಕೆಳಗೆ ಅಸಿಸ್ಟಂಟ್ ಆಗಿದ್ದವನು. ನಿಂತ ಗಾಡಿಯವನು ಹಾದುಹೋಗುವ ಗಾಡಿಯ ಗಾಲಿ ನೋಡಿ, ಎಲ್ಲ ಸರಿಯಿದೆ ಎಂದು ಬಾವುಟ ತೋರಿಸಬೇಕು.

"ಅಕ್ಕ! ನೀವಿಲ್ಲಿ?" ಎಂದ. "ಅಣ್ಣಗ ಹೇಳಿ ಬಿಡ್ರಿ, ಇಲ್ಲಿ ನಿಂದ್ರಬ್ಯಾಡ ಅಂತ. ಆತ ಭರ್ರಂತ ಹೋದ್ರ ನನ್ನ ಊಟ ರಾಯಚೂರಾಗ. ಆತ ನಿಂತ್ರ ಆತನ ಹಿಂದ ನಾನೂ ನಿಂತೆ. ಇದ ಕೊಕ್ಕರಿ ಮುಖ ನೋಡಕೋತ ಉಪಾಸ."

ತಿಮ್ಮವ್ವನಿಗೆ ಈ ಮಾತು ಚಕ್ಕನೆ ನಾಟಿತು. ಈಶಪ್ಪ ನಿಂತರೆ ಯಾರಿಗೂ ದಾರಿ ಬಿಟ್ಟಂತಾಗುವುದಿಲ್ಲ. ಕಾಯುವವನು ಇನ್ನಷ್ಟು ಕಾಯುತ್ತಾನೆ, ಅಷ್ಟೇ.

ಹಳಿ ಸಣ್ಣಗೆ ಹಾಡಿತು. ದೂರದಲ್ಲಿ ಒಂದು ಚುಕ್ಕೆ ಮೂಡಿತು. ಅದು ಓಡಿ ಬರುತ್ತಿರುವಂತೆ ಕಾಣಲಿಲ್ಲ, ಇದ್ದಲ್ಲೇ ಹಿಗ್ಗುತ್ತಿತ್ತು. ಕಂಬದ ಹತ್ತಿರ ಬಂತು. ಈಗ ಬೆರಳು ಎತ್ತಿರಬೇಕು ಎಂದುಕೊಂಡಳು. ಬ್ರೇಕು ಹಾಕಿದರೆ ಗಾಲಿ ಕಿರುಗುಡುವುದೆಂದು ಅವಳಿಗೆ ಗೊತ್ತು. ಆ ಕಿರುಗುಟ್ಟುವಿಕೆಗಾಗಿ ಅವಳ ಮೈಯೆಲ್ಲ ಕಿವಿಯಾಯಿತು. ತುಟಿ ತಾನಾಗಿಯೇ ಅಲುಗಿತು: "ನನಗ ಕಾಣವಲ್ದು. ನೋಡಿ ಹೇಳ್ರಿ."

ಕಿರುಗುಡಲಿಲ್ಲ. ಎಂಜಿನ್ನಿನ ಗಾಜಿನೊಳಗೆ ಮುಂದಕ್ಕೆ ಚಾಚಿದ ಒಂದು ಕೈ, ಬಿಳಿ ಅಂಗಿ. ಆಮೇಲೆ ಬರೀ ಗಾಳಿ. ಸೆರಗು ಹಾರಿತು, ಮೇಕೆ ಹಗ್ಗ ಜಗ್ಗಿತು, ಕುಂಟೆಯ ನೀರು ಒಮ್ಮೆ ನಡುಗಿತು. ಖಾಲಿ ಕಿಟಕಿಗಳು ಒಂದೊಂದು ತುಂಡು ಆಕಾಶ ಹೊತ್ತು ಸಾಲಾಗಿ ಹರಿದವು. ಹದಿನೈದು ಎಣಿಸುವುದರೊಳಗೆ ಹಿಂದಿನ ಎಂಜಿನ್ನೂ ದಾಟಿತು. ಕೊಕ್ಕರೆಗಳು ಕಾಲು ಬದಲಿಸಲೂ ಇಲ್ಲ.

"ಹೋತು," ಎಂದಳು ಮಸ್ತಾನಬಿ.

ಭೀಮೇಶ ಬಾವುಟ ಸುತ್ತಿಕೊಂಡ. "ಉಸರು ಸುದ್ದಾ ಬಿಡ್ಲಿಲ್ಲಲ್ಲ ಅಕ್ಕ, ಅಣ್ಣನ ಗಾಡಿ!"

ಸಂಜೆ ಈಶಪ್ಪ ಬಂದವನು ಮೊದಲು ಕಾಲು ತೊಳೆದ. ಅಷ್ಟರಲ್ಲೇ ಸಹಿಯಾಗಿದೆ ಎಂದು ತಿಮ್ಮವ್ವನಿಗೆ ತಿಳಿಯಿತು.

"ಲಿಂಗೇರ್ಯಾಗ ಏನಿತ್ತು?"

"ಹಸಿರು. ಕಣ್ಣಿಟ್ಟು ನೋಡ್ದೆ, ಖರೇನ ಹಸಿರು."

"ಮತ್ತ ನಾ ಕಂಡೆನ್ರಿ?"

"ನೀ ಎಲ್ಲಿದ್ದಿ?"

"ಗೇಟಿನ್ಯಾಗ ನಿಂತಿದ್ದೆ."

ಈಶಪ್ಪ ಅವಳ ಮುಖ ನೋಡಿದ. "ಕಾಣಲಿಲ್ಲ ನೋಡು."

"ಕಾಣಬಾರ್ದು," ಎಂದಳು ತಿಮ್ಮವ್ವ. "ಕಂಡಿದ್ರ ಫೇಲ್ ಆಗತಿದ್ರಿ."

ಎರಡು ತಿಂಗಳ ಮೇಲೆ ಮಂದಿಯನ್ನು ಹತ್ತಿಸಿಕೊಂಡು ಹೊಸ ರೈಲು ಹೊರಟ ದಿನ, ಅವಳು ಟಿಕೀಟು ತೆಗೆಸಿ, ಪಂಚಶೀಲಾಳೊಡನೆ ಯಾದಗಿರಿಯಲ್ಲಿ ಮೊದಲ ಡಬ್ಬಿ ಹತ್ತಿದಳು. ಗಾಡಿ ಎಷ್ಟು ನುಣುಪಾಗಿ ಹೋಯಿತೆಂದರೆ ಲಿಂಗೇರಿ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು. ರಾಯಚೂರಿನಲ್ಲಿ ಮಗಳು ಎಬ್ಬಿಸಿದಳು. ಪ್ಲಾಟ್‌ಫಾರ್ಮಿನಲ್ಲಿ ಈಶಪ್ಪ ಎಂಜಿನ್ನಿನಿಂದ ಇಳಿದು ಬಂದು, "ಹ್ಯಾಂಗಿತ್ತು?" ಎಂದ. "ಗೊತ್ತಾಗ್ಲೇ ಇಲ್ರಿ," ಎಂದಳು. ಡ್ರೈವರನಿಗೆ ಅದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ. ಅವನು ಟೊಪ್ಪಿಗೆ ಸರಿಪಡಿಸಿಕೊಂಡ.

ಅವನು ಈಗಲೂ ಮಧ್ಯಾಹ್ನ ಮಲಗುತ್ತಾನೆ. ತಿಮ್ಮವ್ವ ಮೊರ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಬೆರಳು ಮೇಲೇಳುವುದಿಲ್ಲ. ಹೊಸ ಗಾಡಿ ಎಲ್ಲೂ ಕಾಯಿಸುವುದಿಲ್ಲ, ನಿದ್ದೆಯಲ್ಲಿ ಹೇಳುವಂಥದ್ದೇನೂ ಉಳಿಸುವುದಿಲ್ಲ. ಗಂಡನ ಗಾಡಿಯಲ್ಲಿ ಅವಳಿಗೊಂದು ಸೀಟು ಸಿಕ್ಕಿತು. ದಿನಾ ಮಧ್ಯಾಹ್ನ ಅವನ ಜೊತೆ ಹೋಗುತ್ತಿದ್ದ ದಾರಿ ಹೋಯಿತು.